ನಲ್ಲಿ ನೀರಿನ ಪರೀಕ್ಷೆ: ವರದಿ ಬರುವ ಮುಂಚೆ

(ಕೂಟದ ಸಂಸ್ಥಾಪನಾ ದಿನದ ಅಂಗವಾಗಿ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಡೆದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಸ್ಥಾಪನಾ ದಿನದ ಸಮಾರಂಭಕ್ಕೆ ಡಾಕ್ಟರನ್ನು ಮಾತಾಡಲು ಕರೆದರೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಕೊಲೆಸ್ಟರಾಲ್, ಈ ಮೂರರಲ್ಲಿ ಒಂದನ್ನು ಎತ್ತಿಕೊಳ್ಳುವುದು ನಮ್ಮ ಕೂಟದ ಸಂಪ್ರದಾಯ. ಆದರೆ ಅಡಿಗೆಮನೆಯಿಂದ ಹೋಳಿಗೆಯ ವಾಸನೆ ಬರುತ್ತಿರುವಾಗ ಸಕ್ಕರೆ ಕಾಯಿಲೆಯ ಮಾತೆತ್ತಿ ನಿಮ್ಮೆಲ್ಲರ ಶಾಪ ಕಟ್ಟಿಕೊಳ್ಳುವ ಧೈರ್ಯ ನಮಗಿಲ್ಲ. ಊಟಕ್ಕೆ ಮುಂಚೆ ಪ್ರತಿಯೊಬ್ಬರ ಎಲೆಯ ಪಕ್ಕದಲ್ಲೂ ಇಡುವ ಒಂದು ಲೋಟ ನೀರಿನ ಬಗ್ಗೆ ಈ ಸಲ ನಾಲ್ಕು ಮಾತಾಡೋಣವೆಂದು ಬಂದಿದ್ದೇವೆ.

ಈ ವಿಷಯ ನಮಗೆ ಹೊಳೆದದ್ದು ಪುಸ್ತಕದಿಂದಲ್ಲ, ನಮ್ಮ ಅತ್ತೆಯವರಿಂದ. ಅವರು ಮೊದಲ ಸಲ ಇಲ್ಲಿಗೆ ಬಂದಾಗ ಕೇಳಿದ ಮೊದಲ ಪ್ರಶ್ನೆ, ‘ಈ ಊರಿನ ನಲ್ಲಿ ನೀರನ್ನು ಕಾಯಿಸದೆ ಹಾಗೇ ಕುಡಿಯಬಹುದೇ?’ ಎಂಬುದು. ನಾವು ನಕ್ಕು, ‘ಇದು ಅಮೆರಿಕಾ ಅಮ್ಮ, ಇಲ್ಲಿ ಅದೆಲ್ಲ ಬೇಡ’ ಎಂದೆವು. ಅವರು ಮಾತಾಡಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ತಪ್ಪಲೆ ನೀರು ಕುದಿಸಿ, ಮುಚ್ಚಿ, ಆರಲು ಇಟ್ಟು ಮಲಗಿದರು. ಮರುದಿನವೂ ಹಾಗೆಯೇ. ಒಟ್ಟು ಆರು ತಿಂಗಳು ಹಾಗೆಯೇ. ಎಂ.ಬಿ.ಬಿ.ಎಸ್. ಓದಿ, ಇಲ್ಲಿ ರೆಸಿಡೆನ್ಸಿ ಮುಗಿಸಿ, ರೋಗಿಗಳಿಗೆ ದಿನವೂ ಬುದ್ಧಿ ಹೇಳುವ ನಮಗೆ ಆ ತಪ್ಪಲೆ ಒಂದು ತಮಾಷೆಯಾಗಿ ಕಾಣುತ್ತಿತ್ತು.

2017ರ ಅಕ್ಟೋಬರ್ 23, ಸೋಮವಾರ. ದೀಪಾವಳಿ ಅಮಾವಾಸ್ಯೆ ಕಳೆದು ನಾಲ್ಕೇ ದಿನವಾಗಿತ್ತು. ಇದೇ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ, 14 ಮೈಲ್ ರಸ್ತೆಯಲ್ಲಿ, ಡ್ರೇಕ್ ರಸ್ತೆಗೂ ಫಾರ್ಮಿಂಗ್ಟನ್ ರಸ್ತೆಗೂ ನಡುವೆ, ನೆಲದೊಳಗಿನ 48 ಅಂಗುಲ ವ್ಯಾಸದ ದೊಡ್ಡ ಕೊಳವೆ ಒಡೆಯಿತು. ನಮ್ಮಲ್ಲಿ ಎಷ್ಟೋ ಜನ ದಿನವೂ ಕಾರಿನಲ್ಲಿ ಅದರ ಮೇಲೆಯೇ ಓಡಾಡುತ್ತೇವೆ; ಅಡಿಯಲ್ಲಿ ಅಂಥದ್ದೊಂದು ಇದೆಯೆಂದು ಅಂದಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಊರು, ನೋವೈ, ವೆಸ್ಟ್ ಬ್ಲೂಮ್‌ಫೀಲ್ಡ್, ವಾಲ್ಡ್ ಲೇಕ್, ವಿಕ್ಸಮ್, ಕಾಮರ್ಸ್ ಮೊದಲಾದ ಊರುಗಳ ಸುಮಾರು 3 ಲಕ್ಷ ಜನರಿಗೆ ‘ನೀರನ್ನು ಕುದಿಸಿ ಕುಡಿಯಿರಿ’ ಎಂಬ ಎಚ್ಚರಿಕೆ ಹೊರಟಿತು. ಹಲವು ಶಾಲೆಗಳು ಬಾಗಿಲು ಹಾಕಿದವು. ಹೋಟೆಲುಗಳು ಮುಚ್ಚಿದವು. ಅಂಗಡಿಗಳಲ್ಲಿ ಬಾಟಲಿ ನೀರಿನ ಕಪಾಟು ಬರಿದಾಯಿತು.

ಮಂಗಳವಾರ ಬೆಳಿಗ್ಗೆ ನಮ್ಮ ಮನೆಯ ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. ಒಳ್ಳೆಯ ಡಾಕ್ಟರರಂತೆ ಕಾಫಿಗೆ ನೀರನ್ನು ಚೆನ್ನಾಗಿ ಕುದಿಸಿದೆವು. ಆದರೆ ಅದೇ ನಲ್ಲಿಯ ನೀರಿನಲ್ಲಿ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದೆವು. ಮಗು ಕೇಳಿತೆಂದು ಫ್ರಿಜ್ಜಿನ ಯಂತ್ರದಲ್ಲಿ ತಾನಾಗಿ ತಯಾರಾಗುವ ಐಸ್ ತುಂಡುಗಳನ್ನು ರಸಕ್ಕೆ ಹಾಕಿ ಕೊಟ್ಟೆವು. ಅದನ್ನು ನೋಡಿದ ಅತ್ತೆಯವರು, ‘ಆ ಐಸಿಗೆ ನೀರು ಎಲ್ಲಿಂದ ಬರುತ್ತದೆ?’ ಎಂದು ಕೇಳಿದಾಗಲೇ ನಮಗೆ ಬುದ್ಧಿ ಬಂದದ್ದು. ಯಾರಿಗೂ ಏನೂ ಆಗಲಿಲ್ಲ. ಅದು ನಮ್ಮ ಜಾಣತನದಿಂದಲ್ಲ, ಅದೃಷ್ಟದಿಂದ. ಕೊಳವೆ ಒಡೆಯುವುದಕ್ಕೆ ಮುಂಚೆಯೇ ಹಿಡಿದು ಕುದಿಸಿ ಇಟ್ಟಿದ್ದ ತಪ್ಪಲೆಯ ನೀರು ಅಂದು ಮನೆಮಂದಿಗೆಲ್ಲ ಆಯಿತು.

ಆಗ ಕೂಟದ ಹಲವರು ನಮಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದರು: ‘ನೀರನ್ನು ಪರೀಕ್ಷೆ ಮಾಡಿ ಒಳ್ಳೆಯದೋ ಕೆಟ್ಟದ್ದೋ ಹೇಳಿಬಿಡಬಾರದೇ? ಅದಕ್ಕೆ ಇಷ್ಟು ದಿನ ಯಾಕೆ?’ ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ಪರೀಕ್ಷೆ ಹೇಗೆ ನಡೆಯುತ್ತದೆಂದು ಸ್ವಲ್ಪ ಹೇಳಬೇಕು.

ನೀರಿನಲ್ಲಿ ಇರಬಹುದಾದ ರೋಗಾಣುಗಳು ಒಂದೆರಡಲ್ಲ. ಕಾಲರಾ, ಟೈಫಾಯಿಡ್, ಆಮಶಂಕೆ, ಕಾಮಾಲೆಯ ವೈರಸ್ಸು, ಹೀಗೆ ಪಟ್ಟಿ ಉದ್ದವಿದೆ. ಒಂದೊಂದನ್ನೂ ಬೇರೆಬೇರೆಯಾಗಿ ಹುಡುಕುತ್ತಾ ಕೂರಲು ಯಾವ ಊರಿಗೂ ಸಾಧ್ಯವಿಲ್ಲ. ಅದಕ್ಕೇ ಪ್ರಯೋಗಾಲಯದವರು ಕಳ್ಳನನ್ನು ಹುಡುಕುವ ಬದಲು ಹೆಜ್ಜೆ ಗುರುತನ್ನು ಹುಡುಕುತ್ತಾರೆ. ತೋಟದ ಬೇಲಿಯ ಬಳಿ ಗೊರಸಿನ ಗುರುತು ಕಂಡರೆ ದನ ನುಗ್ಗಿದೆಯೆಂದು ತಿಳಿಯುವುದಿಲ್ಲವೇ, ಹಾಗೆ. ಆ ಗುರುತಿನ ಹೆಸರು ಕೋಲಿಫಾರ್ಮ್ ಬ್ಯಾಕ್ಟೀರಿಯಾ. ಇವು ಮಣ್ಣಿನಲ್ಲಿ, ಗಿಡದ ಮೇಲೆ, ಪ್ರಾಣಿಗಳ ಕರುಳಿನಲ್ಲಿ ಇರುತ್ತವೆ, ಹೆಚ್ಚಿನವು ನಿರುಪದ್ರವಿಗಳು. ಆದರೆ ಶುದ್ಧೀಕರಿಸಿ ಕ್ಲೋರಿನ್ ಹಾಕಿದ ನೀರಿನಲ್ಲಿ ಅವು ಕಂಡರೆ ಎಲ್ಲೋ ಬೇಲಿ ಮುರಿದಿದೆ ಎಂದರ್ಥ. ಅವುಗಳಲ್ಲೇ ಇ. ಕೋಲೈ ಎಂಬುದು ಕಂಡರೆ ಮನುಷ್ಯರ ಅಥವಾ ಪ್ರಾಣಿಗಳ ಮಲ ನೀರಿಗೆ ಸೇರಿದೆಯೆಂದೇ ತಿಳಿಯಬೇಕು. 1885ರಲ್ಲಿ ಇದನ್ನು ಮೊದಲು ವರ್ಣಿಸಿದವರು ಥಿಯೊಡೋರ್ ಎಷರಿಕ್ ಎಂಬ ಮಕ್ಕಳ ವೈದ್ಯರು. ಆ ‘ಇ’ ಅವರ ಹೆಸರಿನಿಂದಲೇ ಬಂದದ್ದು.

100 ಮಿಲಿಲೀಟರ್ ನೀರಿಗೆ ಒಂದು ಪುಡಿ ಹಾಕಿ 35 ಡಿಗ್ರಿ ಶಾಖದಲ್ಲಿ 24 ಗಂಟೆ ಇಡುತ್ತಾರೆ. ಮೊಸರಿಗೆ ಹೆಪ್ಪು ಹಾಕಿ ಬೆಚ್ಚಗೆ ಇಟ್ಟ ಹಾಗೆ. ಕೋಲಿಫಾರ್ಮ್ ಇದ್ದರೆ ನೀರು ಹಳದಿಯಾಗುತ್ತದೆ. ಇ. ಕೋಲೈ ಇದ್ದರೆ ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ಇಲ್ಲೊಂದು ವಿಚಿತ್ರ. ಇ. ಕೋಲೈ ಕುಲದಲ್ಲೇ ಅತ್ಯಂತ ದುಷ್ಟನಾದ, ಮಕ್ಕಳ ಮೂತ್ರಪಿಂಡ ಕೆಡಿಸುವ ಓ157 ಎಂಬ ತಳಿ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹೊಳೆಯುವುದೇ ಇಲ್ಲ! ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಸಗಣಿಯ ಜೊತೆ ಬರುವಾಗ ಹೊಳೆಯುವ ಬಂಧುಗಳನ್ನೂ ಹಿಂಡುಗಟ್ಟಲೆ ಕರೆತರುತ್ತದೆ. ಆದ್ದರಿಂದ ಪರೀಕ್ಷೆ ಬಹುಮಟ್ಟಿಗೆ ನಂಬತಕ್ಕದ್ದೇ.

ನಮ್ಮ ಫಾರ್ಮಿಂಗ್ಟನ್ ಹಿಲ್ಸ್‌ನ ನೀರನ್ನು ಶುದ್ಧಿ ಮಾಡಿ ಕಳಿಸುವುದು ಗ್ರೇಟ್ ಲೇಕ್ಸ್ ವಾಟರ್ ಅಥಾರಿಟಿ. 2016ರ ಜನವರಿ 1ರಿಂದ ಅದು ಡೆಟ್ರಾಯಿಟ್ ನೀರು ಇಲಾಖೆಯ ಕೈಯಿಂದ ಆ ಕೆಲಸವನ್ನು ವಹಿಸಿಕೊಂಡಿತು. ಮಿಷಿಗನ್ ಜನಸಂಖ್ಯೆಯಲ್ಲಿ ಹತ್ತಿರ ಹತ್ತಿರ ನೂರಕ್ಕೆ 40 ಪಾಲು ಜನ ಅದರ ನೀರನ್ನೇ ಕುಡಿಯುತ್ತಾರೆ. ಊರೊಳಗಿನ ಕೊಳವೆಗಳನ್ನು ನೋಡಿಕೊಳ್ಳುವುದು ಓಕ್‌ಲ್ಯಾಂಡ್ ಕೌಂಟಿಯ ಜಲಸಂಪನ್ಮೂಲ ಕಮಿಷನರ್ ಕಛೇರಿ. 2020ರ ಜನಗಣತಿಯಲ್ಲಿ ನಮ್ಮ ಊರಿನ ಜನಸಂಖ್ಯೆ 83,986. ರಾಷ್ಟ್ರದ ನಿಯಮದಂತೆ 83,001ರಿಂದ 96,000 ಜನರಿಗೆ ನೀರು ಒದಗಿಸುವ ವ್ಯವಸ್ಥೆ ತಿಂಗಳಿಗೆ 90 ಮಾದರಿಗಳನ್ನು ಊರಿನ ಬೇರೆಬೇರೆ ನಲ್ಲಿಗಳಿಂದ ಹಿಡಿದು ಪರೀಕ್ಷಿಸಬೇಕು. ಒಂದರಲ್ಲಿ ಕೋಲಿಫಾರ್ಮ್ ಕಂಡರೂ 24 ಗಂಟೆಯೊಳಗೆ ಅದೇ ನಲ್ಲಿ, ಅದರ ಮೇಲಿನ ನಲ್ಲಿ, ಕೆಳಗಿನ ನಲ್ಲಿ, ಮೂರರಿಂದಲೂ ಮತ್ತೆ ನೀರು ಹಿಡಿಯಬೇಕು. ಮಲದ ಸೋಂಕು ಖಚಿತವಾದರೆ 24 ಗಂಟೆಯೊಳಗೆ ಜನರಿಗೆ ತಿಳಿಸಬೇಕು.

ಇಷ್ಟೆಲ್ಲ ಕೇಳಿದ ಮೇಲೆ ನೀವು ಒಂದು ವಿಷಯ ಗಮನಿಸಿರಬಹುದು. ನೀರು ಹಿಡಿದದ್ದು ಇಂದು. ಉತ್ತರ ಬರುವುದು ನಾಳೆ. ಅಷ್ಟರಲ್ಲಿ ಇಂದಿನ ನೀರನ್ನು ಊರೆಲ್ಲ ಕುಡಿದು ಆಗಿರುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆ ಎಷ್ಟೇ ಒಳ್ಳೆಯದಾದರೂ ಅದು ನಿನ್ನೆಯ ಸುದ್ದಿ. ಹಾಗಾದರೆ ಇಂದು ನಮ್ಮನ್ನು ಕಾಯುವುದು ಯಾವುದು? ಕೊಳವೆಯೊಳಗಿನ ಒತ್ತಡ, ನೀರಿನಲ್ಲಿ ಉಳಿದಿರುವ ಚೂರು ಕ್ಲೋರಿನ್, ಮತ್ತು ಅನುಮಾನ ಬಂದ ಕೂಡಲೇ ವರದಿಗೆ ಕಾಯದೆ ಬಾಯಿಬಿಟ್ಟು ಹೇಳುವ ಮನುಷ್ಯ.

ಒತ್ತಡದ ಮಾತು ಮೊದಲು. ನೆಲದೊಳಗಿನ ಕೊಳವೆಗಳಲ್ಲಿ ಕೂದಲೆಳೆಯಂಥ ಬಿರುಕುಗಳು, ಸಡಿಲ ಸೇರಿಕೆಗಳು ಯಾವ ದೇಶದಲ್ಲೂ ತಪ್ಪಿದ್ದಲ್ಲ. ಒಳಗೆ ಒತ್ತಡ ಇರುವತನಕ ನೀರು ಹೊರಕ್ಕೆ ಸೋರುತ್ತದೆ. ಹೊರಗಿನ ಕೊಳೆ ಒಳಕ್ಕೆ ಬರಲಾರದು. ಒತ್ತಡ ಕುಸಿದರೆ ದಿಕ್ಕು ತಿರುಗುತ್ತದೆ. ಸುತ್ತಲಿನ ಕೆಸರು ನೀರು, ಪಕ್ಕದ ಚರಂಡಿ ಕೊಳವೆಯ ಸೋರಿಕೆ, ಎಲ್ಲವನ್ನೂ ಕೊಳವೆ ಒಳಕ್ಕೆ ಹೀರಿಕೊಳ್ಳುತ್ತದೆ. ಒತ್ತಡ ಚದರ ಅಂಗುಲಕ್ಕೆ 20 ಪೌಂಡಿಗಿಂತ ಕೆಳಗೆ ಬಿದ್ದರೆ ಅಪಾಯವೆಂದು ಇಲ್ಲಿ ಲೆಕ್ಕ. 2017ರಲ್ಲಿ ನಮಗೆ ಎಚ್ಚರಿಕೆ ಬಂದದ್ದು ಒತ್ತಡ ಬಿದ್ದದ್ದಕ್ಕೆ. ರೋಗ ಕಾಣಲಿ ಎಂದು ಯಾರೂ ಕಾಯಲಿಲ್ಲ. ಮುರಿದ ಕೊಳವೆ ದುರಸ್ತಿಯಾಗಿ, ಒತ್ತಡ ಮತ್ತೆ ಏರಿ, ನಿಂತ ನೀರನ್ನು ಹೊರಕ್ಕೆ ಬಿಟ್ಟು, 24 ಗಂಟೆಗಳ ಅಂತರದಲ್ಲಿ ಹಿಡಿದ ಎರಡು ಸುತ್ತಿನ ಮಾದರಿಗಳು ಶುದ್ಧವೆಂದು ಬಂದ ಮೇಲೆಯೇ ಎಚ್ಚರಿಕೆ ಹಿಂತೆಗೆಯುವುದು. ಹೆಪ್ಪು ಹಾಕಿದ ಮೊಸರನ್ನು ಅವಸರಪಡಿಸಲು ಆಗುವುದಿಲ್ಲವಲ್ಲ. ಆ ವಾರ ಪೂರ್ತಿ ಕಾದದ್ದು ಅದಕ್ಕೇ.

ಒತ್ತಡದ ಮಹಿಮೆಯನ್ನು ತಿಳಿಯಲು ನಮ್ಮ ಹುಬ್ಬಳ್ಳಿ–ಧಾರವಾಡಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅಲ್ಲಿನವರು ಇಲ್ಲಿ ಹಲವರಿದ್ದೀರಿ. ನೀರು ಬಿಡುವ ದಿನ ಕೊಡಪಾನ, ಬಕೆಟ್ಟು, ಪಾತೆಲೆ, ಕಡೆಗೆ ಚೊಂಬನ್ನೂ ಬಿಡದೆ ತುಂಬಿಸಿ ಇಟ್ಟದ್ದು ನಿಮಗೆ ನೆನಪಿರಬೇಕು. ಅಲ್ಲಿ 2008ರ ಹೊತ್ತಿಗೆ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಹರಿಸುವ ವ್ಯವಸ್ಥೆ ಬಂತು. ಉಳಿದ ವಾರ್ಡುಗಳಲ್ಲಿ ಹಿಂದಿನಂತೆ ಕೆಲವು ದಿನಕ್ಕೊಮ್ಮೆ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010–11ರಲ್ಲಿ ಎರಡೂ ಕಡೆಯ ನಲ್ಲಿಗಳಿಂದ ನೀರು ಹಿಡಿದು ನೋಡಿದರು. ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳಲ್ಲಿ ಸುಮಾರು ಮೂರರಲ್ಲಿ ಒಂದು ಮಾದರಿಯಲ್ಲಿ ಇ. ಕೋಲೈ ಇತ್ತು. ಸದಾ ನೀರಿರುವ ವಾರ್ಡುಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಅದೇ ಊರು, ಅದೇ ಮೂಲದ ನೀರು. ವ್ಯತ್ಯಾಸವೆಲ್ಲ ಕೊಳವೆ ಬರಿದಾಗಿ ನಿಲ್ಲುತ್ತದೋ ಇಲ್ಲವೋ ಎಂಬುದರಲ್ಲಿ. ಮುಂದಿನ ಅಧ್ಯಯನದಲ್ಲಿ, ಸದಾ ನೀರು ಸಿಗುವ ವಾರ್ಡುಗಳ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಾಗಿದ್ದುದೂ ಕಂಡಿತು. ‘ಹರಿಯುವ ನೀರಿಗೆ ಮೈಲಿಗೆಯಿಲ್ಲ’ ಎಂದು ಹಿರಿಯರು ಹೊಳೆಯನ್ನು ಕುರಿತು ಹೇಳಿದ್ದು. ಹೊಳೆಯ ವಿಷಯದಲ್ಲಿ ನಮಗೆ ಅನುಮಾನವಿದೆ. ಆದರೆ ಕೊಳವೆಯ ವಿಷಯದಲ್ಲಿ ಆ ಮಾತು ಬಹುಮಟ್ಟಿಗೆ ನಿಜ.

ಕ್ಲೋರಿನ್ನಿನ ವಿಷಯ ಹೇಳುವಾಗ ಒಂದು ಹಳೆಯ ಸಂಗತಿ ಹೇಳದೆ ಇರಲಾರೆವು. ನಾವು ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದ ಕಾಲ. ಮುಂಗಾರು ಹಿಡಿದು ಎರಡು ವಾರವಾಗಿತ್ತು. ಒಂದು ಮಧ್ಯಾಹ್ನ ಒಂದೇ ಹಳ್ಳಿಯಿಂದ ಟೆಂಪೋದಲ್ಲಿ, ಟ್ರ್ಯಾಕ್ಟರಿನಲ್ಲಿ ಜನ ಬರತೊಡಗಿದರು. ಎಲ್ಲರಿಗೂ ಅಕ್ಕಿ ತೊಳೆದ ನೀರಿನಂಥ ಭೇದಿ. ಮಂಚ ಸಾಲದೆ ವರಾಂಡದಲ್ಲಿ ಚಾಪೆ ಹಾಸಿ, ಕಿಟಕಿಯ ಸರಳಿಗೆ ಸಲೈನ್ ಬಾಟಲಿ ಕಟ್ಟಿದೆವು. ಅವರಲ್ಲಿ ನಾಲ್ಕು ವರ್ಷದ ಒಂದು ಹೆಣ್ಣು ಮಗು ಇತ್ತು. ಬಂದಾಗಲೇ ಕಣ್ಣು ಗುಳಿಬಿದ್ದಿತ್ತು. ರಕ್ತನಾಳ ಸಿಗದೆ ಬಹಳ ಹೊತ್ತು ಒದ್ದಾಡಿದೆವು. ಎರಡನೆಯ ರಾತ್ರಿ ಮಗು ಹೋಯಿತು.

ಮೊದಲ ದಿನವೇ ಆ ಹಳ್ಳಿಗೆ ಹೋಗಿದ್ದ ಹೆಲ್ತ್ ಇನ್ಸ್‌ಪೆಕ್ಟರು ಓವರ್‌ಹೆಡ್ ಟ್ಯಾಂಕಿನ ನೀರಿಗೆ ಓ.ಟಿ. ದ್ರಾವಣದ ಹನಿ ಹಾಕಿ ನೋಡಿದ್ದರು. ಕ್ಲೋರಿನ್ ಇದ್ದರೆ ಕ್ಷಣದಲ್ಲಿ ನೀರು ಹಳದಿಯಾಗಬೇಕು. ‘ಬಣ್ಣವೇ ಬರಲಿಲ್ಲ ಸಾರ್’ ಎಂದು ಬಂದು ಹೇಳಿದರು. ಪ್ರಯೋಗಾಲಯಕ್ಕೆ ಕಳಿಸಿದ ಬಾಟಲಿಯ ವರದಿ ಐದನೆಯ ದಿನ ಬಂತು: ‘ಕುಡಿಯಲು ಯೋಗ್ಯವಲ್ಲ’. ಆ ಕಾಗದವನ್ನು ಕೈಯಲ್ಲಿ ಹಿಡಿದು ನಾವು ನಿಂತಿದ್ದ ಜಾಗ ಇಂದಿಗೂ ಕಣ್ಣ ಮುಂದಿದೆ. ಆ ಹಳ್ಳಿಯವರಿಗೆ ಬೇಕಾಗಿದ್ದ ಉತ್ತರ ಇನ್ಸ್‌ಪೆಕ್ಟರರ ಪುಟ್ಟ ಗಾಜಿನ ನಳಿಕೆಯಲ್ಲಿ ಐದು ದಿನ ಮುಂಚೆಯೇ ಇತ್ತು. ಅದು ಅದಕ್ಕೂ ಒಂದು ವಾರ ಮುಂಚೆ ಯಾರಿಗಾದರೂ ಬೇಕಾಗಿದ್ದರೆ ಆ ಮಗು ಬದುಕುತ್ತಿತ್ತು.

ಭಾರತದ ಮಾನದಂಡದಲ್ಲಿ ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ನೋಡಲು ದೊಡ್ಡ ಪ್ರಯೋಗಾಲಯ ಬೇಡ. ಆದರೂ 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತರು. ನಾವು ಅಲ್ಲಿಗೆ ದೇಣಿಗೆ ಕಳಿಸುವಾಗ ಶಾಲೆಗೆ ಕಂಪ್ಯೂಟರು, ದೇವಸ್ಥಾನಕ್ಕೆ ಗೋಪುರ ಎನ್ನುತ್ತೇವೆ. ಊರ ಪಂಚಾಯಿತಿಯ ನೀರುಗಂಟಿಯ ಕೈಗೆ ಒಂದು ಕ್ಲೋರಿನ್ ಪರೀಕ್ಷೆಯ ಕಿಟ್ ಕೊಡಿಸಿ, ಅದು ತೋರಿಸಿದ ಬಣ್ಣವನ್ನು ದಿನವೂ ಹಲಗೆಯ ಮೇಲೆ ಬರೆಸುವ ಬಗ್ಗೆಯೂ ಕೂಟದವರು ಯೋಚಿಸಬಹುದು.

ಇದೆಲ್ಲ ಬಡ ದೇಶದ ಕಥೆ ಎಂದುಕೊಳ್ಳಬೇಡಿ. ಇಲ್ಲಿಂದ ಗಡಿ ದಾಟಿ ಆಂಟೇರಿಯೋದಲ್ಲಿ ಕೆಲವು ಗಂಟೆ ಕಾರು ಓಡಿಸಿದರೆ ವಾಕರ್ಟನ್ ಎಂಬ ಸಣ್ಣ ಊರು ಸಿಗುತ್ತದೆ. ಸುಮಾರು 5,000 ಜನ. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂದು ಹೊಲದ ಸಗಣಿ ಊರಿನ ಒಂದು ಬಾವಿಗೆ ಸೇರಿತು. ಕ್ಲೋರಿನ್ ಅಳೆಯಬೇಕಾದವರು ಅಳೆಯದೆಯೇ ಪುಸ್ತಕದಲ್ಲಿ ಅಂಕಿ ಬರೆಯುತ್ತಿದ್ದರು. ಮೇ 17ರಂದು ನೀರು ಕೆಟ್ಟಿದೆಯೆಂದು ಪ್ರಯೋಗಾಲಯದ ವರದಿ ಬಂದರೂ ಅದನ್ನು ಮುಚ್ಚಿಟ್ಟು, ಆರೋಗ್ಯ ಇಲಾಖೆಯವರು ಫೋನಿನಲ್ಲಿ ಕೇಳಿದಾಗ ‘ನೀರು ಚೆನ್ನಾಗಿದೆ’ ಎಂದರು. ರಕ್ತಭೇದಿಯ ಮಕ್ಕಳನ್ನು ನೋಡಿ ಅನುಮಾನಪಟ್ಟು ಆರೋಗ್ಯ ಇಲಾಖೆಗೆ ಫೋನು ಮಾಡಿದವರು ಪಕ್ಕದ ಊರಿನ ಮಕ್ಕಳ ವೈದ್ಯರು. ಕುದಿಸಿ ಕುಡಿಯಿರಿ ಎಂಬ ಎಚ್ಚರಿಕೆ ಹೊರಟದ್ದು ಮೇ 21ರಂದು. ಸುಮಾರು 2,300 ಜನ ಕಾಯಿಲೆ ಬಿದ್ದರು, 7 ಜನ ಸತ್ತರು. ಆ ಬಾವಿಯಲ್ಲಿ ಕ್ಲೋರಿನ್ನನ್ನೂ ಕದಡನ್ನೂ ಸದಾ ಅಳೆಯುವ ಯಂತ್ರ ಇದ್ದಿದ್ದರೆ ಈ ಅನಾಹುತ ತಪ್ಪುತ್ತಿತ್ತು ಎಂದು ವಿಚಾರಣಾ ಆಯೋಗ ಬರೆಯಿತು. ತಿಂಗಳಿಗೆ ಹೆಚ್ಚು ಬಾಟಲಿ ಪರೀಕ್ಷೆ ಮಾಡಿದ್ದರೆ ಎಂದು ಅದು ಹೇಳಲಿಲ್ಲ ಎಂಬುದನ್ನು ಗಮನಿಸಿ.

ಇನ್ನೂ ಹತ್ತಿರದ್ದು ಫ್ಲಿಂಟ್. ಇಲ್ಲಿಂದ ಒಂದು ಗಂಟೆಯ ದಾರಿಯೂ ಇಲ್ಲ. ಸೀಸದ ವಿಷಯ ನಿಮಗೆಲ್ಲ ಗೊತ್ತು. 2015ರ ಸೆಪ್ಟೆಂಬರಿನಲ್ಲಿ ಮಕ್ಕಳ ರಕ್ತದ ಅಂಕಿಗಳನ್ನು ಹಿಡಿದು ಪತ್ರಕರ್ತರ ಮುಂದೆ ನಿಂತ ಡಾ. ಮೋನಾ ಹನ್ನಾ-ಅತೀಶಾ ಅವರ ಹೆಸರೂ ಗೊತ್ತು. ಆದರೆ ಆ ಕಥೆ ಶುರುವಾದದ್ದು ಬ್ಯಾಕ್ಟೀರಿಯಾದಿಂದ. 2014ರ ಏಪ್ರಿಲ್‌ನಲ್ಲಿ ಊರಿನ ನೀರನ್ನು ಡೆಟ್ರಾಯಿಟ್ ವ್ಯವಸ್ಥೆಯಿಂದ ಫ್ಲಿಂಟ್ ನದಿಗೆ ಬದಲಾಯಿಸಿದರು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೋಲಿಫಾರ್ಮ್ ಕಂಡು ಮತ್ತೆ ಮತ್ತೆ ಕುದಿಸುವ ಎಚ್ಚರಿಕೆ. ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕ ಹಾಕದ ಕಾರಣ ಕಬ್ಬಿಣ ಕರಗುತ್ತಿತ್ತು, ಕರಗಿದ ಕಬ್ಬಿಣ ಕ್ಲೋರಿನ್ನನ್ನು ತಿಂದುಹಾಕುತ್ತಿತ್ತು. ಕ್ಲೋರಿನ್ ಇಲ್ಲದ ಬೆಚ್ಚನೆಯ ಕೊಳವೆಗಳು ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ತವರುಮನೆ. ಇದು ಕುಡಿದು ಬರುವ ರೋಗವಲ್ಲ; ಷವರಿನ, ತಂಪು ಯಂತ್ರಗಳ ತುಂತುರು ಹನಿಯನ್ನು ಉಸಿರಾಡಿ ಬರುವ ನ್ಯುಮೋನಿಯಾ. ಕೋಲಿಫಾರ್ಮ್ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. 2014–15ರಲ್ಲಿ ಫ್ಲಿಂಟ್ ಸುತ್ತ ಸುಮಾರು 90 ಜನರಿಗೆ ಈ ರೋಗ ಬಂದು ಕನಿಷ್ಠ 12 ಜನ ತೀರಿಕೊಂಡರು. ಸರ್ಕಾರ ಅದನ್ನು ಜನರಿಗೆ ತಿಳಿಸಿದ್ದು 2016ರ ಜನವರಿಯಲ್ಲಿ! ಈ ಭಾಗದಲ್ಲಿ ನ್ಯುಮೋನಿಯಾ ರೋಗಿಗಳನ್ನು ನೋಡುತ್ತಿದ್ದ ವೈದ್ಯರಿಗೆ ಆ ಒಂದು ಮಾತು ಮೊದಲೇ ತಿಳಿದಿದ್ದರೆ ಔಷಧಿಯ ಆಯ್ಕೆಯೇ ಬೇರೆಯಾಗುತ್ತಿತ್ತು. ಈ ವಿಷಯದಲ್ಲಿ ನಮಗೆ ಸಿಟ್ಟು ಇನ್ನೂ ಆರಿಲ್ಲ.

ಶಿಕಾಗೋ ಕಡೆಯಿಂದ ಬಂದಿರುವ ಬಂಧುಗಳು ತಮ್ಮ ಊರಿನ ಮಾತು ಬರಲಿಲ್ಲವೆಂದು ಬೇಸರಿಸಬಾರದು. ಅವರ ಊರಿನವರು ತಮ್ಮ ಕೊಳಚೆ ತಾವೇ ಕುಡಿಯುವ ಸರೋವರಕ್ಕೆ ಸೇರುತ್ತದೆಂದು 1900ರ ಜನವರಿಯಲ್ಲಿ ಕಾಲುವೆ ತೆಗೆದು ನದಿಯನ್ನೇ ಹಿಂದುಮುಂದು ಮಾಡಿದ ಗಟ್ಟಿಗರು. ಅವರ ನೆರೆಯ ಮಿಲ್ವಾಕಿಯಲ್ಲಿ 1993ರ ವಸಂತದಲ್ಲಿ ನಡೆದದ್ದು ಅಮೆರಿಕಾದ ಚರಿತ್ರೆಯಲ್ಲೇ ದೊಡ್ಡದು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ, ಬ್ಯಾಕ್ಟೀರಿಯಾ ಕೂಡ ಅಲ್ಲ, ಕ್ಲೋರಿನ್ನಿಗೆ ಜಗ್ಗುವುದಿಲ್ಲ, ಶೋಧಕವನ್ನು ದಾಟಿ ಊರಿಗೆ ನುಗ್ಗಿತು. ಕೋಲಿಫಾರ್ಮ್ ವರದಿಗಳೆಲ್ಲ ಸರಿಯಾಗಿಯೇ ಇದ್ದವು. ನೀರಿನ ಕದಡು ಮಾತ್ರ ಏರಿತ್ತು. ಔಷಧಿ ಅಂಗಡಿಗಳಲ್ಲಿ ಭೇದಿಯ ಮಾತ್ರೆ ಮುಗಿದುಹೋದಾಗಲೇ ಹಲವರಿಗೆ ಅನುಮಾನ ಬಂದದ್ದು. ಸುಮಾರು 4 ಲಕ್ಷ ಜನ ಮಲಗಿದರೆಂದು ಅಂದಾಜು.

ಇಷ್ಟು ಕೇಳಿ ಹೆದರಿ ನಾಳೆಯಿಂದ ಎಲ್ಲರೂ ಬಾಟಲಿ ನೀರು ಹೊತ್ತು ತರಬೇಕಾಗಿಲ್ಲ. ಸಾಮಾನ್ಯ ದಿನಗಳಲ್ಲಿ ನಾವೂ ಇಲ್ಲಿನ ನಲ್ಲಿ ನೀರನ್ನೇ ಕುಡಿಯುತ್ತೇವೆ, ಮಕ್ಕಳಿಗೂ ಕೊಡುತ್ತೇವೆ. ಪ್ರತಿ ವರ್ಷ ಜುಲೈ 1ರೊಳಗೆ ನೀರಿನ ಗುಣಮಟ್ಟದ ವರದಿಯನ್ನು ಪ್ರತಿ ಗ್ರಾಹಕನಿಗೂ ತಲುಪಿಸಬೇಕೆಂಬ ಕಾನೂನು ಇದೆ. ಅದನ್ನು ಕೂಪನ್ನುಗಳ ಜೊತೆ ಕಸದ ಬುಟ್ಟಿಗೆ ಹಾಕದೆ ಒಮ್ಮೆ ಓದಿ. ಎಚ್ಚರಿಕೆಯ ಫೋನು, ಸಂದೇಶ ನಿಮಗೆ ಬರುವಂತೆ ಊರಿನ ಕಛೇರಿಯಲ್ಲಿ ಹೆಸರು ಬರೆಸಿ. ಇಂಗ್ಲಿಷ್ ಬಾರದ ತಂದೆತಾಯಿ ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುವವರು, ಆಫೀಸಿನಲ್ಲಿ ಎಚ್ಚರಿಕೆ ನೋಡಿದ ತಕ್ಷಣ ಅವರಿಗೆ ಫೋನು ಮಾಡಿ. 2017ರಲ್ಲಿ ಸಂಜೆ ಮನೆಗೆ ಬಂದ ಮೇಲಷ್ಟೇ ಅಪ್ಪ ಅಮ್ಮನಿಗೆ ಹೇಳಿದವರು ನಮ್ಮಲ್ಲೇ ಇದ್ದಾರೆ.

ಕುದಿಸುವ ಎಚ್ಚರಿಕೆ ಬಂದಾಗ ನೀರು ಬಿಸಿಯಾದರೆ ಸಾಲದು, ಕುಣಿದು ಕುದಿಯಬೇಕು. ಹಾಗೆ ಒಂದು ನಿಮಿಷ ಕುದಿದರೆ ಸಾಕು. ಫ್ರಿಜ್ಜಿನ ಫಿಲ್ಟರು, ಜಗ್ಗಿನ ಫಿಲ್ಟರು ಬ್ಯಾಕ್ಟೀರಿಯಾವನ್ನು ತಡೆಯುತ್ತವೆಂದು ನಂಬಬೇಡಿ. ಐಸನ್ನು ಚೆಲ್ಲಿ. ಹಲ್ಲುಜ್ಜಲು, ಹಸಿ ಕೋಸಂಬರಿಯ ತರಕಾರಿ ತೊಳೆಯಲು, ಕೂಸಿನ ಹಾಲಿನ ಪುಡಿ ಕಲಸಲು ಕುದಿಸಿದ ನೀರೇ ಬೇಕು. ದೇವರ ಮನೆಯ ತೀರ್ಥವನ್ನು ಬಹಳ ಜನ ಮರೆಯುತ್ತಾರೆ. ಮಡಿಯಲ್ಲಿ ಹಿಡಿದ ನೀರಾದರೂ ಅದು ಬಂದದ್ದು 14 ಮೈಲ್ ರಸ್ತೆಯ ಕೊಳವೆಯಿಂದಲೇ. ತುಳಸಿ ಹಾಕುವ ಮುಂಚೆ ಕುದಿಸಿ ಆರಿಸಿದರೆ ದೇವರೇನೂ ಮುನಿಯುವುದಿಲ್ಲ. ಕೀಮೋಥೆರಪಿ ತೆಗೆದುಕೊಳ್ಳುವವರು, ಅಂಗ ಕಸಿ ಮಾಡಿಸಿಕೊಂಡವರು, ಬಸುರಿಯರು, ಎಳೆಗೂಸುಗಳು ಇರುವ ಮನೆಯಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು.

ಒಂದೇ ಒಂದು ಸಂದರ್ಭದಲ್ಲಿ ಅತ್ತೆಯವರ ತಪ್ಪಲೆಯೂ ಕೈಕೊಡುತ್ತದೆ. 2014ರ ಆಗಸ್ಟ್ 2ರಂದು ಟೊಲೀಡೊ ಊರಿನಲ್ಲಿ ಈರಿ ಸರೋವರದ ಹಸಿರು ಪಾಚಿಯಂಥ ಬ್ಯಾಕ್ಟೀರಿಯಾದ ವಿಷ ನೀರಿಗೆ ಸೇರಿತು. ಅದು ಜೀವಿಯಲ್ಲ, ವಿಷ. ಕುದಿಸಿದರೆ ಸಾಯುವುದಿಲ್ಲ, ನೀರು ಆವಿಯಾಗಿ ಇನ್ನೂ ಗಾಢವಾಗುತ್ತದೆ. ಅಂದಿನ ಆಜ್ಞೆ ‘ಕುಡಿಯಬೇಡಿ, ಕುದಿಸಲೂ ಬೇಡಿ’ ಎಂದಿತ್ತು. ಆದ್ದರಿಂದ ಎಚ್ಚರಿಕೆಯ ಮೊದಲ ಸಾಲನ್ನು ಮಾತ್ರ ಓದಿ ಒಲೆ ಹಚ್ಚಬೇಡಿ, ಪೂರ್ತಿ ಓದಿ.

ಕೊನೆಯದಾಗಿ, ಊರಿನಿಂದ ಸ್ವಲ್ಪ ದೂರ ದೊಡ್ಡ ಜಾಗ ತೆಗೆದುಕೊಂಡು ಸ್ವಂತ ಬಾವಿಯ ನೀರು ಬಳಸುತ್ತಿರುವ ನಮ್ಮ ಸ್ನೇಹಿತರಿಗೆ ಒಂದು ಮಾತು. ಈವರೆಗೆ ಹೇಳಿದ 90 ಮಾದರಿ, 24 ಗಂಟೆಯ ನಿಯಮ, ಯಾವುದೂ ನಿಮಗೆ ಅನ್ವಯಿಸುವುದಿಲ್ಲ. ನಿಮ್ಮ ಬಾವಿಗೆ ನೀವೇ ಕಮಿಷನರ್. ವರ್ಷಕ್ಕೊಮ್ಮೆ, ಮತ್ತು ಪಂಪು ಬಿಚ್ಚಿ ಜೋಡಿಸಿದಾಗ ಅಥವಾ ಅಂಗಳದಲ್ಲಿ ನೆರೆ ನಿಂತಾಗ, ಕೋಲಿಫಾರ್ಮ್ ಪರೀಕ್ಷೆ ಮಾಡಿಸಿ. ಕೌಂಟಿಯ ಆರೋಗ್ಯ ವಿಭಾಗದಲ್ಲಿ ವಿಚಾರಿಸಿದರೆ ಬಾಟಲಿ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ಬಾಟಲಿಯೊಳಗೆ ಕಾಣುವ ಚೂರು ಪುಡಿಯನ್ನು ಕೊಳೆಯೆಂದು ತೊಳೆದುಬಿಡಬೇಡಿ, ಅದು ಇರಬೇಕಾದದ್ದೇ. ನಲ್ಲಿಯ ತುದಿಯ ಜಾಲರಿ ಬಿಚ್ಚಿ, ಐದು ನಿಮಿಷ ತಣ್ಣೀರು ಹರಿಯಬಿಟ್ಟು, ಮುಚ್ಚಳದ ಒಳಭಾಗ ಮುಟ್ಟದೆ ಗೆರೆಯವರೆಗೆ ತುಂಬಿಸಿ. ಹಿಡಿದ ನೀರು 30 ಗಂಟೆಯೊಳಗೆ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಹೋಗಬೇಕು. ಆದ್ದರಿಂದ ಶುಕ್ರವಾರ ಹಿಡಿದು ಅಂಚೆಗೆ ಹಾಕಬೇಡಿ, ಸೋಮವಾರ ಅಥವಾ ಮಂಗಳವಾರ ಹಿಡಿಯಿರಿ. ವರದಿಯ ಭಾಷೆ ಅರ್ಥವಾಗದಿದ್ದರೆ ನಮಗೆ ಫೋನು ಮಾಡಿ, ಸಂಕೋಚ ಬೇಡ.